ನೀವುವ ಕೈ, ಬಡಿಯುವ ಯಂತ್ರ

ನರಕ ಚತುರ್ದಶಿಯ ಬೆಳಗಿನ ಜಾವ. ಹಂಡೆಯಲ್ಲಿ ನೀರು ಕಾಯುತ್ತಿರುತ್ತದೆ. ಮನೆಯ ಹಿರಿಯರು ಮಕ್ಕಳನ್ನು ಮಣೆಯ ಮೇಲೆ ಕೂರಿಸಿ, ನೆತ್ತಿಗೆ ಎಣ್ಣೆ ಒತ್ತಿ, ಬೆನ್ನು ತೋಳುಗಳನ್ನು ನೀವಿ, ಕೊನೆಗೆ ಬಿಸಿನೀರು ಹೊಯ್ಯುವ ಅಭ್ಯಂಜನದ ಪದ್ಧತಿ ಕನ್ನಡ ನಾಡಿನ ಎಷ್ಟೋ ಮನೆಗಳಲ್ಲಿ ಇಂದಿಗೂ ಉಳಿದಿದೆ. ಅಂಥ ಮನೆಗಳ ಕಪಾಟಿನಲ್ಲಿ ಈಚಿನ ವರ್ಷಗಳಲ್ಲಿ ಇನ್ನೊಂದು ವಸ್ತುವೂ ಬಂದು ಸೇರಿದೆ. ನೋಡಲು ಗೋಡೆಗೆ ತೂತು ಕೊರೆಯುವ ಡ್ರಿಲ್ಲಿನಂತೆ. ತುದಿಯಲ್ಲಿ ಕೊರೆಯುವ ಸಲಾಕೆಯ ಬದಲು ಮೆತ್ತನೆಯ ಒಂದು ಉಂಡೆ. ಗುಂಡಿ ಒತ್ತಿದರೆ ಆ ಉಂಡೆ ನಿಮಿಷಕ್ಕೆ ಎರಡು ಮೂರು ಸಾವಿರ ಸಲ ಹಿಂದಕ್ಕೂ ಮುಂದಕ್ಕೂ ಚಲಿಸಿ ಮೈಯನ್ನು ಗುದ್ದುತ್ತದೆ. ಇದೇ ಮಸಾಜ್ ಗನ್.

ದಿನವಿಡೀ ಕಂಪ್ಯೂಟರಿನ ಮುಂದೆ ಕೂತು ಹೆಗಲು ಬಿಗಿದುಕೊಂಡವರು, ಬೆಳಗ್ಗೆ ಎದ್ದು ಓಡುವವರು, ಜಿಮ್ಮಿಗೆ ಹೋಗುವ ಹುಡುಗರು, ಕಾಲುನೋವಿನ ಅಜ್ಜಿಗೆಂದು ತರಿಸಿದ ಮೊಮ್ಮಕ್ಕಳು ಹೀಗೆ ಹಲವರ ಕೈಗೆ ಇದು ಬಂದಿದೆ. ಕೊಳ್ಳಲು ವೈದ್ಯರ ಚೀಟಿ ಬೇಡ. ಬಳಸುವುದನ್ನು ಕಲಿಸಿಕೊಡುವ ಗುರುವೂ ಇಲ್ಲ. ಡಬ್ಬಿಯೊಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾದ ಸೂಚನೆಯನ್ನು ಓದುವವರು ಕಡಿಮೆ. ಎಲ್ಲಿ ನೋವೋ ಅಲ್ಲಿಗೆ ಗಟ್ಟಿಯಾಗಿ ಒತ್ತಿ ಹಿಡಿಯುವುದೇ ಅನೇಕರ ಕ್ರಮ.

ಇದು ಸರಿಯೆ? ಉತ್ತರ ಹುಡುಕಬೇಕಾದರೆ ಯಂತ್ರದ ಚರಿತ್ರೆಯನ್ನು ಕೊಂಚ ತಿರುವಿ ನೋಡಬೇಕು. ಮಸಾಜ್ ಗನ್ ಹೊಸದು, ನಿಜ. ಆದರೆ ಮೈ ಒತ್ತುವ ಕೈಯ ಕೆಲಸವನ್ನು ಯಂತ್ರಕ್ಕೆ ವಹಿಸುವ ಪ್ರಯತ್ನಕ್ಕೆ ನೂರೈವತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಈ ಅವಧಿಯಲ್ಲಿ ಯಂತ್ರ ಹಲವು ಸಲ ವೇಷ ಬದಲಿಸಿದೆ. ಪ್ರತಿ ಸಲವೂ ಅದು ಒಂದಿಷ್ಟು ಉಪಯೋಗಕ್ಕೆ ಬಂದಿದೆ; ಪ್ರತಿ ಸಲವೂ ಅದರ ಬಗ್ಗೆ ಆಡಿದ ಮಾತು ಉಪಯೋಗವನ್ನು ಮೀರಿ ಹೋಗಿದೆ.

ಕೈಗಳ ಕಾಲ

ಅಂಗಮರ್ದನ ಭಾರತದಲ್ಲಿ ದಿನಚರಿಯ ಭಾಗವಾಗಿತ್ತು. ಚರಕ ಸಂಹಿತೆ ನಿತ್ಯವೂ ಎಣ್ಣೆ ಹಚ್ಚಿಕೊಳ್ಳುವುದರ ಗುಣಗಳನ್ನು ವಿವರಿಸುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥದಲ್ಲಿ ಅರಸನ ಭೋಗಗಳ ಪಟ್ಟಿಯಲ್ಲಿ ಪಾದಾಭ್ಯಂಗಕ್ಕೂ ಸ್ಥಾನವಿದೆ. ಜಟ್ಟಿಗಳ ಕಾಳಗವನ್ನು ಕುರಿತ ಭಾಗವೂ ಇದೆ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಆ ಕಲ್ಯಾಣ. ಮೈಸೂರಿನ ಗರಡಿ ಮನೆಗಳಲ್ಲಿ ಸಾಮು ಮಾಡಿದ ಪೈಲ್ವಾನರು ಒಬ್ಬರ ಮೈಯನ್ನು ಒಬ್ಬರು ತಿಕ್ಕುವುದು ತಾಲೀಮಿನಷ್ಟೇ ಮುಖ್ಯವೆನಿಸಿತ್ತು.

ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಅಭ್ಯಂಗವನ್ನು ಹೊಗಳಿದ ಗ್ರಂಥಗಳೇ ಅದನ್ನು ಯಾರು ಮಾಡಿಸಿಕೊಳ್ಳಬಾರದು ಎಂಬುದನ್ನೂ ಹೇಳಿವೆ. ಕಫದ ವಿಕಾರದಿಂದ ಬಳಲುವವರಿಗೆ, ಶೋಧನ ಚಿಕಿತ್ಸೆಗೆ ಒಳಗಾದವರಿಗೆ, ಅಜೀರ್ಣವಾದವರಿಗೆ ಅಭ್ಯಂಗ ಕೂಡದು ಎಂದು ವಾಗ್ಭಟನ 'ಅಷ್ಟಾಂಗ ಹೃದಯ' ಸ್ಪಷ್ಟವಾಗಿ ತಿಳಿಸುತ್ತದೆ. ಆ ಕಾರಣಗಳನ್ನು ಇಂದಿನ ವೈದ್ಯಶಾಸ್ತ್ರ ಬೇರೆ ರೀತಿಯಲ್ಲಿ ನೋಡಬಹುದು. ಆದರೆ ಒಳ್ಳೆಯದೆಂದು ಹೇಳಿದ ಉಸಿರಿನಲ್ಲೇ ಯಾರಿಗೆ ಒಳ್ಳೆಯದಲ್ಲ ಎಂದೂ ಹೇಳುವ ಆ ವಿವೇಕ ಮುಂದೆ ಬಂದ ಯಂತ್ರಗಳ ಮಾರಾಟಗಾರರಲ್ಲಿ ಅಪರೂಪವಾಯಿತು.

ಭಾರತದ ಈ ವಿದ್ಯೆ ಕಡಲಾಚೆಗೂ ಹೋಯಿತು. ಪಟ್ನಾದಲ್ಲಿ 1759ರಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಎಂಬಾತ ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ನೆಲೆಸಿ, ಹಬೆಸ್ನಾನ ಮತ್ತು ಅಂಗಮರ್ದನದ ಸ್ನಾನಗೃಹ ತೆರೆದ. ಇಂಗ್ಲೆಂಡಿನ ದೊರೆ ನಾಲ್ಕನೆಯ ಜಾರ್ಜ್ ಆತನ ಸೇವೆ ಪಡೆದ. ಇಂದು ತಲೆ ತೊಳೆಯುವ ದ್ರವಕ್ಕೆ ಹೇಳುವ ಶಾಂಪೂ ಎಂಬ ಪದಕ್ಕೆ ಮೂಲ 'ಚಂಪಿ'ಗೆ ಸಂಬಂಧಿಸಿದ ಹಿಂದಿ ಕ್ರಿಯಾಪದ. ಅಂದರೆ ಆಗ ಆ ಪದಕ್ಕೆ ಒತ್ತುವುದು, ನಾದುವುದು ಎಂದೇ ಅರ್ಥವಿತ್ತು.

ಸ್ಟಾಕ್‌ಹೋಮಿನ ಉಗಿಯಂತ್ರ

ಯೂರೋಪಿನಲ್ಲಿ ವ್ಯಾಯಾಮ ಮತ್ತು ಮರ್ದನವನ್ನು ಚಿಕಿತ್ಸೆಯ ಕ್ರಮಕ್ಕೆ ತಂದವರಲ್ಲಿ ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ ಪ್ರಮುಖರು. ಅವರು 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ರಾಜಾಶ್ರಯದ ವ್ಯಾಯಾಮ ಸಂಸ್ಥೆಯನ್ನು ಸ್ಥಾಪಿಸಿದರು. ಮುಂದೆ ನೆದರ್ಲೆಂಡಿನ ವೈದ್ಯ ಯೋಹಾನ್ ಗೆಯೋರ್ಗ್ ಮೆಟ್ಸ್‌ಗರ್ ಕಾಲಕ್ಕೆ ಮರ್ದನದ ಬಗೆಗಳನ್ನು ನೀವುವುದು, ನಾದುವುದು, ತಿಕ್ಕುವುದು, ತಟ್ಟುವುದು ಎಂದು ವಿಂಗಡಿಸುವ ರೂಢಿ ಬಂತು. ಇವುಗಳಲ್ಲಿ ಕೊನೆಯದಾದ ತಟ್ಟುವುದೇ ಇಂದಿನ ಮಸಾಜ್ ಗನ್ನಿನ ಪೂರ್ವಜ.

ಕೈಯ ಚಿಕಿತ್ಸೆಗೆ ಒಂದು ತೊಡಕಿತ್ತು. ಒಬ್ಬ ರೋಗಿಗೆ ಒಬ್ಬ ನುರಿತ ಆಳು ಬೇಕು. ಆಳಿಗೆ ಕೈ ಸೋಲುತ್ತದೆ. ಬೆಳಗ್ಗಿನ ಬಲ ಸಂಜೆಗೆ ಇರುವುದಿಲ್ಲ. ಸ್ವೀಡನ್ನಿನ ವೈದ್ಯ ಗುಸ್ತಾವ್ ಜಾಂಡರ್ ಇದಕ್ಕೆ ಯಂತ್ರದಲ್ಲಿ ಪರಿಹಾರ ಕಂಡರು. 1865ರಲ್ಲಿ ಸ್ಟಾಕ್‌ಹೋಮಿನಲ್ಲಿ ಅವರು ತೆರೆದ ಸಂಸ್ಥೆಯಲ್ಲಿ ಸನ್ನೆಗೋಲು, ತೂಕದ ಬಿಲ್ಲೆ, ಪಟ್ಟಿ, ಚಕ್ರಗಳಿಂದ ಕೂಡಿದ ಸಾಧನಗಳಿದ್ದವು. ಕೆಲವನ್ನು ರೋಗಿಯೇ ಎಳೆದು ತಳ್ಳಬೇಕಿತ್ತು. ಇನ್ನು ಕೆಲವು ಉಗಿಯಂತ್ರದ ಬಲದಿಂದ ತಾವೇ ಓಡಿ ರೋಗಿಯ ಮೈಯನ್ನು ನಡುಗಿಸುತ್ತಿದ್ದವು, ತಟ್ಟುತ್ತಿದ್ದವು, ನಾದುತ್ತಿದ್ದವು.

ಅಳತೆ ತಪ್ಪದ ಬಲ, ಆಯಾಸವಿಲ್ಲದ ಕೈ ಇವು ಜಾಂಡರ್ ಯಂತ್ರಗಳ ಹಿರಿಮೆ. 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಅವು ಅಮೆರಿಕದ ಜನರ ಕಣ್ಣಿಗೆ ಬಿದ್ದವು. ಯೂರೋಪಿನ ಹಲವು ನಗರಗಳಲ್ಲಿ ಜಾಂಡರ್ ಸಂಸ್ಥೆಗಳು ತಲೆಯೆತ್ತಿದವು. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ವ್ಯಾಯಾಮಶಾಲೆಯಲ್ಲಿ ವಿದ್ಯುತ್ ಬಲದಿಂದ ಕುಲುಕುವ ಕುದುರೆ ಮತ್ತು ಒಂಟೆ ಇದ್ದುದು ಅನೇಕರಿಗೆ ಗೊತ್ತು. ಅವು ಇದೇ ವಂಶದ ಕುಡಿಗಳು.

ಆದರೆ ಜಾಂಡರ್ ಸಂಸ್ಥೆಯಲ್ಲಿ ಯಂತ್ರದ ಪಕ್ಕ ವೈದ್ಯರಿರುತ್ತಿದ್ದರು. ಯಾರಿಗೆ ಯಾವ ಯಂತ್ರ, ಎಷ್ಟು ಹೊತ್ತು ಎಂಬುದನ್ನು ಅವರು ಗೊತ್ತುಮಾಡುತ್ತಿದ್ದರು. ಯಂತ್ರ ಚಿಕ್ಕದಾಗುತ್ತಾ ಹೋದಂತೆ ಆ ವೈದ್ಯರು ಚಿತ್ರದಿಂದ ಮರೆಯಾದರು.

ನಡುಗುವ ಕುರ್ಚಿಯ ಪಾಠ

ಕೈಯಲ್ಲಿ ಹಿಡಿಯಬಲ್ಲ ಬಡಿಯುವ ಸಾಧನವನ್ನು ವೈದ್ಯಕೀಯಕ್ಕೆ ತಂದವರು ಲಂಡನ್ನಿನ ವೈದ್ಯ ಜೋಸೆಫ್ ಮಾರ್ಟಿಮರ್ ಗ್ರಾನ್‌ವಿಲ್. ಬ್ಯಾಟರಿಯಿಂದ ನಡೆಯುವ ಅವರ ಸಾಧನದ ತುದಿಯ ಪುಟ್ಟ ಸುತ್ತಿಗೆ ಮೈಯನ್ನು ವೇಗವಾಗಿ ತಟ್ಟುತ್ತಿತ್ತು. ನರಗಳ ನೋವಿಗೆ ಕಂಪನವೇ ಮದ್ದು ಎಂಬುದು ಅವರ ವಾದ. ಆ ಕುರಿತು 1883ರಲ್ಲಿ ಅವರು ಪುಸ್ತಕವನ್ನೂ ಪ್ರಕಟಿಸಿದರು. ಇಂದಿನ ಮಸಾಜ್ ಗನ್ನಿಗೆ ಅಜ್ಜನೊಬ್ಬನನ್ನು ಹುಡುಕುವುದಾದರೆ ಇದೇ ಸರಿ.

ಅದೇ ಕಾಲಕ್ಕೆ ಪ್ಯಾರಿಸಿನ ಸಾಲ್ಪೇಟ್ರಿಯೇರ್ ಆಸ್ಪತ್ರೆಯಲ್ಲಿ ನರರೋಗ ತಜ್ಞ ಜಾನ್ ಮಾರ್ಟಿನ್ ಶಾರ್ಕೊ ಒಂದು ಸಂಗತಿಯನ್ನು ಗಮನಿಸಿದ್ದರು. ಪಾರ್ಕಿನ್ಸನ್ ರೋಗದಿಂದ ನರಳುವವರು ರೈಲಿನಲ್ಲಿಯೋ ಕುದುರೆಗಾಡಿಯಲ್ಲಿಯೋ ದೂರ ಪ್ರಯಾಣ ಮಾಡಿ ಬಂದಾಗ ತಮಗೆ ಹಾಯೆನಿಸಿತು ಎನ್ನುತ್ತಿದ್ದರು. ಗಾಡಿಯ ಕುಲುಕಾಟವೇ ಇದಕ್ಕೆ ಕಾರಣವಿರಬೇಕೆಂದು ಶಾರ್ಕೊ ನಡುಗುವ ಕುರ್ಚಿಯೊಂದನ್ನು ಮಾಡಿಸಿದರು. 1892ರಲ್ಲಿ ಅದರ ಬಗ್ಗೆ ಉಪನ್ಯಾಸವನ್ನೂ ಕೊಟ್ಟರು. ಮರುವರ್ಷವೇ ಅವರು ತೀರಿಕೊಂಡರು. ಕುರ್ಚಿಯೂ ಮೂಲೆ ಸೇರಿತು.

ಕುತೂಹಲದ ಸಂಗತಿಯೆಂದರೆ ಆ ಕುರ್ಚಿಯ ಸತ್ವಪರೀಕ್ಷೆ ನಡೆದದ್ದು 120 ವರ್ಷಗಳ ಬಳಿಕ. ಶಿಕಾಗೊ ನಗರದ ರಶ್ ವಿಶ್ವವಿದ್ಯಾಲಯದ ಸಂಶೋಧಕರು ಪಾರ್ಕಿನ್ಸನ್ ರೋಗಿಗಳಲ್ಲಿ ಕೆಲವರನ್ನು ಕಂಪಿಸುವ ಕುರ್ಚಿಯಲ್ಲೂ ಉಳಿದವರನ್ನು ಕಂಪನವಿಲ್ಲದ ಕುರ್ಚಿಯಲ್ಲೂ ಕೂರಿಸಿ, ಎಲ್ಲರಿಗೂ ಹಿತವಾದ ಧ್ವನಿಗಳನ್ನು ಕೇಳಿಸಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡೂ ಗುಂಪಿನವರ ಸ್ಥಿತಿ ಸುಧಾರಿಸಿತು. ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಾಯೆನಿಸಿದ್ದು ಸುಳ್ಳಲ್ಲ, ಆದರೆ ಅದು ಕಂಪನದಿಂದಲೇ ಆಯಿತೆಂಬುದು ಸಿದ್ಧವಾಗಲಿಲ್ಲ. ಹಾಯಾಗಿ ಕುಳಿತು ವಿಶ್ರಮಿಸಿದರೂ ಮೈ ಹಗುರಾಗುತ್ತದೆ. ಮೈನೋವಿಗೆ ಯಾವುದೇ ಹೊಸ ಸಾಧನ ಬಂದಾಗ ನೆನಪಿಡಬೇಕಾದ ಪಾಠವಿದು.

ಮೀರಿದ ಮಾತು

ಇಪ್ಪತ್ತನೆಯ ಶತಮಾನ ಹುಟ್ಟುತ್ತಿದ್ದಂತೆ ಯಂತ್ರ ವೈದ್ಯರ ಕೋಣೆಯಿಂದ ಮನೆಗೆ ಬಂತು. ವಿದ್ಯುತ್ ದೀಪ ಬಂದ ಮನೆಗಳಿಗೆ ಫ್ಯಾನು, ಇಸ್ತ್ರಿಪೆಟ್ಟಿಗೆಗಳ ಜೊತೆಯಲ್ಲೇ ಕಂಪಿಸುವ ಮಸಾಜ್ ಸಾಧನಗಳನ್ನೂ ಅಮೆರಿಕದ ಕಂಪೆನಿಗಳು ಮಾರಿದವು. ತಲೆನೋವು, ಮಲಬದ್ಧತೆ, ಕಿವುಡು, ಮುಖದ ಸುಕ್ಕು ಯಾವುದಕ್ಕೂ ಅವುಗಳ ಜಾಹೀರಾತಿನಲ್ಲಿ ಇಲ್ಲವೆಂಬ ಮಾತಿರಲಿಲ್ಲ.

ವಿದ್ಯುತ್ ಇಲ್ಲದವರಿಗೆ ಕೈಯಲ್ಲಿ ಹಿಡಿಕೆ ತಿರುಗಿಸುವ ಸಾಧನಗಳಿದ್ದವು. ಜೆರಾಲ್ಡ್ ಮಕೌರಾ ಎಂಬಾತ 'ರಕ್ತ ಸಂಚಾರ ಯಂತ್ರ'ವೆಂದು ಬ್ರಿಟನ್ನಿನಲ್ಲಿ ಇಂಥದೊಂದನ್ನು ಮಾರಿದ. ದೊಡ್ಡ ಸಭಾಂಗಣಗಳಲ್ಲಿ ಜನರನ್ನು ಸೇರಿಸಿ ಪ್ರದರ್ಶನ ಏರ್ಪಡಿಸುತ್ತಿದ್ದ ಈತ ಹೆಸರಿಗೆ ಡಾಕ್ಟರ್ ಎಂದೂ ಸೇರಿಸಿಕೊಂಡಿದ್ದ. ಕೊನೆಗೆ 1914ರಲ್ಲಿ ಫ್ರಾನ್ಸಿನ ನ್ಯಾಯಾಲಯ ವಂಚನೆಗಾಗಿ ಅವನಿಗೆ ಶಿಕ್ಷೆ ವಿಧಿಸಿತು. ಮರುವರ್ಷ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ, ಇಂಥ ಸಾಧನಗಳ ವ್ಯಾಪಾರವೇ ಒಂದು ಭ್ರಮೆಯೆಂಬ ಅರ್ಥದಲ್ಲಿ ಬರೆಯಿತು.

ಅಬ್ಬರ ತಗ್ಗಿದರೂ ಸಾಧನಗಳು ಮಾಯವಾಗಲಿಲ್ಲ. ಕೈಬೆನ್ನಿಗೆ ಕಟ್ಟಿಕೊಂಡು ಬೆರಳುಗಳ ಮೂಲಕ ಕಂಪನ ಹಾಯಿಸುವ ಯಂತ್ರ ಕ್ಷೌರದಂಗಡಿಗಳಲ್ಲಿ ಜನಪ್ರಿಯವಾಯಿತು. ಕರ್ನಾಟಕದ ಊರುಗಳ ಸಲೂನುಗಳಲ್ಲೂ ಕೂದಲು ಕತ್ತರಿಸಿದ ಮೇಲೆ ಗಿರಾಕಿಯ ತಲೆ, ಹೆಗಲುಗಳ ಮೇಲೆ ಇಂಥ ಯಂತ್ರವನ್ನು ಝುಯ್ಯೆಂದು ಆಡಿಸುವುದುಂಟು.

ಕಂಪನದ ಇನ್ನೊಂದು ಮುಖ

ಮನೆಗಳಲ್ಲಿ ಕಂಪನವನ್ನು ಮದ್ದೆಂದು ಮಾರುತ್ತಿದ್ದ ಅದೇ ದಶಕದಲ್ಲಿ ಕಲ್ಲು ಕೆತ್ತುವವರ ಕೈಗೆ ಅದು ರೋಗವಾಗಿ ಅಂಟಿತ್ತು. ಅಮೆರಿಕದ ಇಂಡಿಯಾನಾ ರಾಜ್ಯದ ಬೆಡ್‌ಫರ್ಡ್ ಸುತ್ತಿನ ಸುಣ್ಣಕಲ್ಲಿನ ಕೆಲಸಗಾರರು ಗಾಳಿಯ ಒತ್ತಡದಿಂದ ನಡೆಯುವ ಸುತ್ತಿಗೆಗಳನ್ನು ಬಳಸುತ್ತಿದ್ದರು. ಚಳಿಯ ಬೆಳಗುಗಳಲ್ಲಿ ಅವರ ಬೆರಳುಗಳು ರಕ್ತವಿಲ್ಲದಂತೆ ಬಿಳುಚಿ ಜೋಮು ಹಿಡಿಯುತ್ತಿದ್ದವು. ಕಾರ್ಮಿಕರ ಆರೋಗ್ಯದ ಅಧ್ಯಯನಕ್ಕೆ ಅಡಿಪಾಯ ಹಾಕಿದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1918ರಲ್ಲಿ ಇದನ್ನು ಪರಿಶೀಲಿಸಿ ವರದಿ ಮಾಡಿದರು. ಉಳಿಯನ್ನು ಬಿಗಿಯಾಗಿ ಹಿಡಿಯುವ ಎಡಗೈಗೇ ತೊಂದರೆ ಹೆಚ್ಚು ಎಂಬುದು ಅವರಿಗೆ ಕಂಡುಬಂತು. ಬಿಳಿ ಬೆರಳಿನ ಈ ರೋಗವನ್ನು ಇಂದು ಹಲವು ದೇಶಗಳ ಕಾನೂನು ವೃತ್ತಿಜನ್ಯ ಕಾಯಿಲೆಯೆಂದು ಒಪ್ಪಿದೆ.

ನಿಮಿಷಕ್ಕೆ ಸಾವಿರಾರು ಹೊಡೆತ ಅಲ್ಲಿಯೂ ಇತ್ತು, ಮನೆಯ ಮಸಾಜ್ ಸಾಧನದಲ್ಲಿಯೂ ಇದೆ. ಹೊಡೆತದ ಬಲ ಬೇರೆ, ಅವಧಿ ಬೇರೆ. ಕಲ್ಲುಕುಟಿಗರು ದಿನಕ್ಕೆ ಹಲವು ಗಂಟೆ, ವರ್ಷಗಟ್ಟಲೆ ಆ ಕಂಪನವನ್ನು ತಾಳಿದ್ದರು. ಕಂಪನ ಹಿತವೋ ಅಹಿತವೋ ಎಂಬುದನ್ನು ನಿರ್ಧರಿಸುವುದು ಪ್ರಮಾಣ, ಸ್ಥಳ ಮತ್ತು ಅವಧಿ. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಬಡಗಿಯ ಗರಗಸದಿಂದ ಬಂದದ್ದು

ಈಗಿನ ಮಸಾಜ್ ಗನ್ನಿನ ಕಥೆ ಅಮೆರಿಕದ ಜೇಸನ್ ವರ್ಸ್‌ಲ್ಯಾಂಡ್ ಅವರಿಂದ ಆರಂಭವಾಗುತ್ತದೆ. ಅವರು ಬೆನ್ನುಮೂಳೆ ಮತ್ತು ಕೀಲುಗಳನ್ನು ಕೈಯಿಂದ ಒತ್ತಿ ಚಿಕಿತ್ಸೆ ನೀಡುವ ಕೈರೊಪ್ರ್ಯಾಕ್ಟಿಕ್ ಪದ್ಧತಿಯವರು. 2007ರಲ್ಲಿ ಮೋಟಾರ್‌ಸೈಕಲ್ ಅಪಘಾತಕ್ಕೆ ಸಿಕ್ಕಿ ನೋವಿನಿಂದ ನರಳುತ್ತಿದ್ದಾಗ, ಹಲಗೆ ಕೊಯ್ಯುವ ವಿದ್ಯುತ್ ಗರಗಸವೊಂದರ ಅಲಗಿನ ಜಾಗಕ್ಕೆ ಮೆತ್ತನೆಯ ತುದಿ ಸಿಕ್ಕಿಸಿ ತಮ್ಮ ಮೇಲೆಯೇ ಪ್ರಯೋಗಿಸಿಕೊಂಡುದಾಗಿ ಅವರು ಹೇಳಿಕೊಂಡಿದ್ದಾರೆ. ಅದನ್ನು ತಿದ್ದುತ್ತಾ ಹೋಗಿ 2016ರಲ್ಲಿ ಥೆರಾಗನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. 2018ರಲ್ಲಿ ಇನ್ನೊಂದು ಕಂಪೆನಿಯ ಹೈಪರ್‌ವೋಲ್ಟ್ ಬಂತು. ಕ್ರೀಡಾಪಟುಗಳ ಕೈಯಲ್ಲಿ ಇವು ಕಂಡ ಮೇಲೆ ಅಗ್ಗದ ಅನುಕರಣೆಗಳಿಗೆ ಲೆಕ್ಕವಿಲ್ಲವಾಯಿತು.

ಗ್ರಾನ್‌ವಿಲ್ ಕಾಲದ ಸಾಧನಕ್ಕೆ ದೊಡ್ಡ ಬ್ಯಾಟರಿಯನ್ನು ಪಕ್ಕದಲ್ಲಿಟ್ಟುಕೊಳ್ಳಬೇಕಿತ್ತು. 1991ರಲ್ಲಿ ಸೋನಿ ಕಂಪೆನಿ ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್ ಬ್ಯಾಟರಿ ಮುಂದೆ ಅಗ್ಗವಾಗಿ, ಹಗುರವಾಗಿ ಹಿಡಿಕೆಯೊಳಗೇ ಅಡಗಿತು. ಒಳಗಿನ ತಂತ್ರ ಸರಳ. ಮೋಟಾರು ಗುಂಡಗೆ ತಿರುಗುತ್ತದೆ; ಆ ತಿರುಗುವಿಕೆಯನ್ನು ಒಂದು ಕೊಂಡಿ ಹಿಂದೆ ಮುಂದೆ ಹೋಗುವ ಚಲನೆಯಾಗಿ ಮಾರ್ಪಡಿಸುತ್ತದೆ. ಹೊಲಿಗೆ ಯಂತ್ರದ ಚಕ್ರ ತಿರುಗಿದಾಗ ಸೂಜಿ ಮೇಲೆ ಕೆಳಗೆ ಆಡುವ ಹಾಗೆ. ದೊಡ್ಡ ಯಂತ್ರಗಳಲ್ಲಿ ಉಂಡೆ 10ರಿಂದ 16 ಮಿಲಿಮೀಟರಿನಷ್ಟು ದೂರ ಚಲಿಸುತ್ತದೆ, ಚಿಕ್ಕವುಗಳಲ್ಲಿ ಇನ್ನೂ ಕಡಿಮೆ. ಈ ದೂರ ಹೆಚ್ಚಿದಷ್ಟೂ ಗುದ್ದು ಆಳಕ್ಕೆ ಇಳಿಯುತ್ತದೆ.

ಮೈಯೊಳಗೆ ಏನಾಗುತ್ತದೆ?

ನೋವಾದ ಕಡೆ ಕೈ ತಾನಾಗಿಯೇ ಹೋಗಿ ಉಜ್ಜುತ್ತದೆ. ಏಕೆ? ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮಂಡಿಸಿದ ಸಿದ್ಧಾಂತ ಇದಕ್ಕೊಂದು ವಿವರಣೆ ಕೊಟ್ಟಿತು. ನೋವಿನ ಸುದ್ದಿ ಮಿದುಳಿಗೆ ಹೋಗುವ ದಾರಿಯಲ್ಲಿ, ಬೆನ್ನುಹುರಿಯಲ್ಲಿ ಒಂದು ಬಾಗಿಲಿದೆ ಎಂದಿಟ್ಟುಕೊಳ್ಳಬಹುದು. ಸ್ಪರ್ಶ ಮತ್ತು ಒತ್ತಡದ ಸಂಕೇತಗಳು ಆ ಬಾಗಿಲಿಗೆ ನುಗ್ಗಿದಾಗ ನೋವಿನ ಸಂಕೇತಕ್ಕೆ ದಾರಿ ಕಿರಿದಾಗುತ್ತದೆ. ಮಸಾಜ್ ಗನ್ ಹಿಡಿದ ಕೂಡಲೇ ನೋವು ತಗ್ಗಿದಂತೆ ಅನಿಸುವುದಕ್ಕೆ ಇದೂ ಒಂದು ಕಾರಣ. ನೋವು ತಗ್ಗಿತೆಂದರೆ ನೋವಿನ ಮೂಲ ಹೋಯಿತೆಂದು ಅರ್ಥವಲ್ಲ.

ಸ್ನಾಯುವಿನ ಬಿಗುವು ಸಡಿಲುವುದಕ್ಕೆ ಮಾತ್ರ ಸ್ವಲ್ಪ ಪುರಾವೆ ಇದೆ. ಆಸ್ಟ್ರಿಯಾದ ಗ್ರಾಜ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 16 ಯುವಕರ ಮೀನಖಂಡಕ್ಕೆ ಐದು ನಿಮಿಷ ಮಸಾಜ್ ಗನ್ ಬಳಸಲಾಯಿತು. ಪಾದವನ್ನು ಮೇಲಕ್ಕೆ ಬಾಗಿಸುವ ಸಾಮರ್ಥ್ಯ ಸುಮಾರು 5 ಡಿಗ್ರಿ ಹೆಚ್ಚಿತು. ಸ್ನಾಯುವಿನ ಬಲ ಹೆಚ್ಚಲಿಲ್ಲ, ಕುಗ್ಗಲೂ ಇಲ್ಲ. ಬಳಿಕ ನಡೆದ ಅಧ್ಯಯನಗಳ ಒಟ್ಟು ಸೂಚನೆಯೂ ಹೆಚ್ಚುಕಡಿಮೆ ಹೀಗೆಯೇ ಇದೆ. ಮೈ ಸ್ವಲ್ಪ ಹೊತ್ತು ಸಡಿಲವಾಗುತ್ತದೆ, ನೋವು ಒಂದಿಷ್ಟು ತಗ್ಗಬಹುದು. ಶಕ್ತಿ, ವೇಗ ಹೆಚ್ಚುತ್ತವೆಂಬುದಕ್ಕೆ ಆಧಾರ ಸಾಲದು.

ಸ್ನಾಯುವಿನಲ್ಲಿ ಸೇರಿದ ಲ್ಯಾಕ್ಟಿಕ್ ಆಮ್ಲವನ್ನು ಇದು ಹೊರಹಾಕುತ್ತದೆ ಎಂಬ ಪ್ರಚಾರವೂ ಇದೆ. ವ್ಯಾಯಾಮದ ವೇಳೆ ಏರಿದ ಲ್ಯಾಕ್ಟೇಟ್ ಅಂಶ ಯಾವ ಯಂತ್ರದ ನೆರವೂ ಇಲ್ಲದೆ ಒಂದು ಗಂಟೆಯ ಆಸುಪಾಸಿನಲ್ಲಿ ತಾನಾಗಿಯೇ ಇಳಿಯುತ್ತದೆ. ಮರುದಿನ, ಮೂರನೆಯ ದಿನ ಕಾಡುವ ಮೈಕೈ ನೋವಿಗೆ ರೂಢಿಯಿಲ್ಲದ ಶ್ರಮದಿಂದ ಸ್ನಾಯುವಿನ ಎಳೆಗಳಿಗೆ ಆದ ಸೂಕ್ಷ್ಮ ಗಾಸಿ ಕಾರಣ. ಅದು ಮಾಯಲು ಬೇಕಾದದ್ದು ಸಮಯ, ನಿದ್ರೆ ಮತ್ತು ಲಘು ಚಲನೆ.

ಎಡವಟ್ಟಾದಾಗ

ಮಸಾಜ್ ಗನ್ನಿನಿಂದ ಗಂಭೀರ ಅಪಾಯವಾದ ಪ್ರಸಂಗಗಳು ವಿರಳ. ವಿರಳವೆಂದ ಮಾತ್ರಕ್ಕೆ ಕಡೆಗಣಿಸುವಂಥವಲ್ಲ. 2021ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಚೀನಾದ 25 ವರ್ಷದ ಯುವತಿಯೊಬ್ಬಳ ಪ್ರಕರಣ ವರದಿಯಾಯಿತು. ಸೈಕಲ್ ತುಳಿದು ದಣಿದಿದ್ದ ಆಕೆಯ ತೊಡೆಗಳಿಗೆ ಮಸಾಜ್ ಗನ್ ಬಳಸಲಾಗಿತ್ತು. ಬಳಿಕ ತೀವ್ರ ನೋವು ಕಾಣಿಸಿಕೊಂಡಿತು. ಮೂತ್ರ ಕಡು ಟೀಯ ಬಣ್ಣಕ್ಕೆ ತಿರುಗಿತು. ಸ್ನಾಯುವಿನ ಜೀವಕೋಶಗಳು ಒಡೆದು ಅವುಗಳೊಳಗಿನ ವಸ್ತು ರಕ್ತಕ್ಕೆ ಸೇರಿದ್ದವು. ಈ ಸ್ಥಿತಿಯನ್ನು ರ‍್ಯಾಬ್ಡೊಮಯೋಲಿಸಿಸ್ ಎನ್ನುತ್ತಾರೆ. ತಕ್ಷಣ ಚಿಕಿತ್ಸೆ ಸಿಗದಿದ್ದರೆ ಮೂತ್ರಪಿಂಡಕ್ಕೇ ಪೆಟ್ಟು ಬೀಳಬಹುದು.

ಇನ್ನೊಂದು ಪ್ರಕರಣ 2022ರಲ್ಲಿ ಪ್ರಕಟವಾಯಿತು. ಕುತ್ತಿಗೆಗೆ ಪದೇ ಪದೇ ಮಸಾಜ್ ಗನ್ ಬಳಸಿದ್ದ ಯುವತಿಯೊಬ್ಬಳು ತಲೆನೋವು, ಕುತ್ತಿಗೆ ನೋವು, ತಲೆಸುತ್ತಿನಿಂದ ಆಸ್ಪತ್ರೆಗೆ ಬಂದಳು. ಕುತ್ತಿಗೆಯ ಮೂಲಕ ಮಿದುಳಿಗೆ ರಕ್ತ ಒಯ್ಯುವ ಅಪಧಮನಿಯ ಒಳಪದರ ಹರಿದಿರುವುದು ಪತ್ತೆಯಾಯಿತು. ಇಂಥ ಹರಿತದಿಂದ ಪಾರ್ಶ್ವವಾಯುವೂ ಆಗಬಹುದು. ಒಂದೊಂದು ಪ್ರಕರಣದಿಂದ ಯಂತ್ರವೇ ಏಕೈಕ ಕಾರಣವೆಂದು ಸಾಧಿಸಲಾಗದು. ಕುತ್ತಿಗೆಗೆ ಇದನ್ನು ಒತ್ತಿ ಹಿಡಿಯಬಾರದೆಂಬ ಎಚ್ಚರಿಕೆಗೆ ಮಾತ್ರ ಇಷ್ಟು ಸಾಕು.

ಮನೆಯಲ್ಲಿ ಬಳಸುವ ಬಗೆ

ಮಸಾಜ್ ಗನ್ ಇರುವುದು ಮಾಂಸಲವಾದ ಭಾಗಗಳಿಗೆ. ತೊಡೆ, ಮೀನಖಂಡ, ಪೃಷ್ಠ, ಭುಜದ ಮೇಲಿನ ದಪ್ಪ ಸ್ನಾಯು, ಬೆನ್ನುಮೂಳೆಯಿಂದ ಸರಿದ ಬೆನ್ನಿನ ಸ್ನಾಯುಗಳು ಇದಕ್ಕೆ ಸರಿಯಾದ ಜಾಗಗಳು. ಮೂಳೆ ಕೈಗೆ ಸಿಗುವ ಕಡೆ ಇದನ್ನು ಇಡಕೂಡದು. ಬೆನ್ನುಮೂಳೆ, ಮಂಡಿಚಿಪ್ಪು, ಮೊಣಕಾಲಿನ ಕೆಳಗಿನ ಮುಂಗಾಲ ಮೂಳೆ, ಕೊರಳಮೂಳೆ, ಪಕ್ಕೆಲುಬು, ತಲೆ ಎಲ್ಲವೂ ಈ ಪಟ್ಟಿಗೆ ಸೇರುತ್ತವೆ. ರಕ್ತನಾಳ, ನರಗಳು ಚರ್ಮಕ್ಕೆ ಹತ್ತಿರವಾಗಿ ಹಾಯುವ ಕತ್ತಿನ ಮುಂಭಾಗ ಮತ್ತು ಪಕ್ಕಗಳು, ಕಂಕುಳು, ಮೊಣಕೈಯ ಒಳಮಡಿಕೆ, ತೊಡೆಸಂದು, ಮಂಡಿಯ ಹಿಂಭಾಗ ಇವುಗಳ ತಂಟೆಗೂ ಹೋಗಬಾರದು. ಹೊಟ್ಟೆಯೂ ವರ್ಜ್ಯ.

ಮೊದಲು ದೊಡ್ಡ ಉಂಡೆಯ ತುದಿ, ಅತಿ ಕಡಿಮೆ ವೇಗ. ಗುಂಡಿನಂತೆ ಚೂಪಾದ ತುದಿಗಳು ಹೊಸಬರಿಗಲ್ಲ. ಯಂತ್ರವನ್ನು ಮೈಗೆ ಅದುಮದೆ, ಅದರ ಭಾರವಷ್ಟೇ ಬೀಳುವಂತೆ ಬಿಟ್ಟು, ಸ್ನಾಯುವಿನ ಉದ್ದಕ್ಕೂ ನಿಧಾನವಾಗಿ ಸರಿಸುತ್ತಾ ಹೋಗಬೇಕು. ಒಂದೇ ಬಿಂದುವಿನಲ್ಲಿ ನಿಲ್ಲಿಸಬಾರದು. ಒಂದು ಸ್ನಾಯುವಿಗೆ ಒಂದೆರಡು ನಿಮಿಷ ಧಾರಾಳ. ಹಿತವಾದ ನೋವಿಗೂ ಚುಚ್ಚುವ ನೋವಿಗೂ ವ್ಯತ್ಯಾಸ ಮೈಗೇ ಗೊತ್ತಾಗುತ್ತದೆ. ಚುಚ್ಚಿದರೆ, ಜೋಮು ಹಿಡಿದರೆ, ಮಿಂಚು ಹರಿದಂತಾದರೆ ಅಲ್ಲಿಗೆ ನಿಲ್ಲಿಸಬೇಕು. ಯಂತ್ರ ಹಿಡಿದ ಕೈ ಮರಗಟ್ಟಿದರೂ ಅಷ್ಟೆ. ಮರುದಿನ ಮೈಯಲ್ಲಿ ಕಪ್ಪು ಕಲೆ ಕಂಡರೆ ಒತ್ತಡ ಹೆಚ್ಚಾಯಿತೆಂದೇ ಲೆಕ್ಕ.

ಉಳುಕಿದ ಕಾಲಿಗೆ, ಬಾತುಕೊಂಡ ಕೀಲಿಗೆ, ಹೊಸ ಪೆಟ್ಟಿಗೆ, ಗಾಯಕ್ಕೆ ಇದು ಮದ್ದಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಮೂಳೆ ಸವೆತ ಇರುವವರು, ಉಬ್ಬಿದ ರಕ್ತನಾಳಗಳಿರುವವರು, ಗರ್ಭಿಣಿಯರು, ಪೇಸ್‌ಮೇಕರ್ ಅಳವಡಿಸಿಕೊಂಡವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ವೈದ್ಯರನ್ನು ಕೇಳದೆ ಬಳಸಬಾರದು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಪೆಟ್ಟಾದರೂ ಅವರಿಗೆ ತಿಳಿಯುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಕಾಲಿನದು. ಒಂದೇ ಕಾಲಿನ ಮೀನಖಂಡ ಬಾತು, ಬಿಸಿಯಾಗಿ, ನೋಯುತ್ತಿದ್ದರೆ ಅದು ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಸೂಚನೆ ಇರಬಹುದು. ದೂರದ ಪ್ರಯಾಣ, ಶಸ್ತ್ರಚಿಕಿತ್ಸೆ ಅಥವಾ ಬಹುದಿನ ಹಾಸಿಗೆ ಹಿಡಿದ ನಂತರ ಇದರ ಸಂಭವ ಹೆಚ್ಚು. ಸ್ನಾಯು ಹಿಡಿದಿದೆಯೆಂದು ಭಾವಿಸಿ ಅಲ್ಲಿ ಗುದ್ದಿದರೆ ಹೆಪ್ಪು ಕದಲಿ ಶ್ವಾಸಕೋಶ ಸೇರುವ ಅಪಾಯವಿದೆ. ಅಂಥ ಕಾಲಿಗೆ ಯಂತ್ರವೂ ಬೇಡ, ಎಣ್ಣೆ ತಿಕ್ಕುವ ಕೈಯೂ ಬೇಡ. ನೇರ ಆಸ್ಪತ್ರೆಗೆ ಹೋಗಬೇಕು. ಮೂತ್ರದ ಬಣ್ಣ ಕಡುವಾದರೆ, ಹಠಾತ್ ತಲೆಸುತ್ತು ಬಂದರೆ, ಬೆನ್ನುನೋವಿನೊಡನೆ ಕಾಲಿನ ಬಲ ಕುಂದಿದರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ ತಡಮಾಡುವಂತಿಲ್ಲ.

ಯಂತ್ರದ ಬ್ಯಾಟರಿಯ ಬಗೆಗೂ ಒಂದು ಮಾತು. ಕಂಪೆನಿ ಕೊಟ್ಟ ಚಾರ್ಜರನ್ನೇ ಬಳಸಿ, ಎಚ್ಚರವಿರುವಾಗ ಚಾರ್ಜ್ ಮಾಡುವುದು ಲೇಸು. ಹಿಡಿಕೆ ಉಬ್ಬಿದ ಅಥವಾ ವಿಪರೀತ ಕಾಯುವ ಯಂತ್ರವನ್ನು ಮತ್ತೆ ಬಳಸಬಾರದು.

ಕೈ ಕೇಳುತ್ತಿದ್ದ ಪ್ರಶ್ನೆ

ಉಗಿಯಂತ್ರದಿಂದ ಹಿಡಿದು ಲಿಥಿಯಂ ಬ್ಯಾಟರಿಯವರೆಗೆ ಯಂತ್ರಕ್ಕೆ ಒಂದೊಂದಾಗಿ ಎಲ್ಲವೂ ಸೇರುತ್ತಾ ಬಂದಿದೆ. ಬಲ ಬಂತು, ವೇಗ ಬಂತು, ದಣಿವು ಇಲ್ಲವಾಯಿತು, ಗಾತ್ರ ಅಂಗೈಗೆ ಇಳಿಯಿತು. ಬಾರದೆ ಉಳಿದದ್ದು ಒಂದೇ. ಮೈ ನೀವುವ ಕೈ ತಾನು ಮುಟ್ಟಿದ್ದನ್ನು ಅರಿಯುತ್ತದೆ. ಬೆರಳಿನಡಿ ಗಂಟು ಸಿಕ್ಕರೆ ಮೆದುವಾಗುತ್ತದೆ, ಮೂಳೆ ತಗುಲಿದರೆ ಸರಿಯುತ್ತದೆ, ಬಾವು ಕಂಡರೆ ನಿಲ್ಲುತ್ತದೆ. ಎಣ್ಣೆ ಒತ್ತುವ ಅಜ್ಜಿ ನಡುವೆ ಒಮ್ಮೆಯಾದರೂ 'ನೋಯ್ತದೇನೋ ಮಗಾ?' ಎಂದು ಕೇಳದಿರುವುದಿಲ್ಲ.

ಯಂತ್ರ ಆ ಪ್ರಶ್ನೆ ಕೇಳುವುದಿಲ್ಲ. ಮಾಂಸಲ ತೊಡೆಯನ್ನೂ ಕುತ್ತಿಗೆಯ ರಕ್ತನಾಳವನ್ನೂ ಅದು ಒಂದೇ ಸಮನೆ ಬಡಿಯುತ್ತದೆ. ಆದ್ದರಿಂದ ಅದನ್ನು ಹಿಡಿದವರೇ ಆ ಪ್ರಶ್ನೆಯನ್ನು ಪ್ರತಿ ಸಲವೂ ತಮ್ಮ ಮೈಯನ್ನು ಕೇಳಿಕೊಳ್ಳಬೇಕಾಗುತ್ತದೆ. ಉತ್ತರಕ್ಕೆ ಕಿವಿಗೊಟ್ಟರೆ ಯಂತ್ರ ದಣಿದ ಸ್ನಾಯುವಿಗೆ ಒಂದು ಒಳ್ಳೆಯ ನೆರವು. ಕಿವಿಗೊಡದಿದ್ದರೆ ಅದು ಬಡಗಿಯ ಗರಗಸದ ಸೋದರನೆಂಬುದು ನೆನಪಿರಲಿ.